ಚಿಕ್ಕಲಕ್ಷ್ಮಮ್ಮನ ಹಗೇವು

ಬಯಲಿನಲ್ಲಿ ನಡೆಯುವಾಗಲೂ ಚಿಕ್ಕಲಕ್ಷ್ಮಮ್ಮ ನೆತ್ತಿಯ ಮೇಲೆ ಬಂಡೆಯಿದೆಯೆಂಬಂತೆ ಕತ್ತು ತಗ್ಗಿಸಿಯೇ ನಡೆಯುತ್ತಾರೆ. ಗುಡ್ಡವನ್ನೇ ಕೊರೆದು ಮಾಡಿದ ಮನೆಯಲ್ಲಿ ಐವತ್ತು ವರ್ಷ ಬಾಳಿದ ಮೈ ಅದು. ಅದರ ಬಾಗಿಲು ನನ್ನ ಎದೆಮಟ್ಟಕ್ಕಷ್ಟೇ ಇದೆ. ಸೀರೆಯ ಮೇಲೆ ತೀರಿಹೋದ ಗಂಡನ ಖಾಕಿ ಕೋಟು, ಮಾತು ಮಾತಿಗೂ ‘ಕೇಳುಸ್ತಾ?’ ಎಂಬ ಪ್ರಶ್ನೆ, ಉತ್ತರಕ್ಕೆ ಕಾಯದ ಸ್ವಭಾವ.

ಶ್ರವಣಬೆಳಗೊಳದಿಂದ ಆಟೋದಲ್ಲಿ ಇಂಥ ಬಂಡೆಮನೆಗಳಿರುವ ಅವರ ಊರು ನೋಡಲು ಹೋದವರು ನಾನು ಮತ್ತು ನನ್ನ ಮೊಮ್ಮಗಳು ಸ್ಪಂದನಾ. ಬಂದವರಿಗೆ ಮನೆಗಳನ್ನು ತೋರಿಸುವವನು ಊರಿನವನೇ ಆದ ದಿಲೀಪ್. ಗುಡ್ಡದಲ್ಲಿ ಕೊರೆದವುಗಳಲ್ಲಿ ಹತ್ತು ಮನೆ ಪಾಳುಬಿದ್ದಿವೆ, ಒಲೆ ಉರಿಯುವುದು ಚಿಕ್ಕಲಕ್ಷ್ಮಮ್ಮನ ಇದೊಂದರಲ್ಲೇ. ಪಾಳುಮನೆಗೆ ನುಗ್ಗಿದಂತೆಯೇ ಅವನು ಚಪ್ಪಲಿ ಕಾಲಲ್ಲಿ ಇದಕ್ಕೂ ನುಗ್ಗಿದ. ಚಿಕ್ಕಲಕ್ಷ್ಮಮ್ಮ ಚಪ್ಪಲಿ ಬಿಡಿಸಿದರು. ಮಳೆಗಾಲದಲ್ಲಿ ಬಂಡೆ ಬೆವರದಂತೆ ಒಲೆಯ ಹೊಗೆಯೇ ಕಾಯುವುದೆಂದು ನನಗೆ ತಿಳಿಸಿದರು. ಗೋಡೆ ಎಷ್ಟು ಕಪ್ಪು ಎಂದ ಸ್ಪಂದನಾಳಿಗೆ, ಬಿಳಿ ಗೋಡೆ ಬೇಕಿದ್ದರೆ ಹಾಸನದ ಲಾಡ್ಜಿಗೆ ಹೋಗು ಎಂದು ಹೇಳಿ, ಹಸುವಿಗೆ ಹುಲ್ಲು ಹಾಕಲು ಹೊರಗೆ ಹೋದರು.

ಆ ಹೊತ್ತಿನಲ್ಲಿ ದಿಲೀಪ್ ನಡುಮನೆಯ ಹಗೇವಿನ ಚಪ್ಪಡಿಗೆ ಮೆತ್ತಿದ್ದ ಮಣ್ಣನ್ನು ಒದ್ದು ಬಿಡಿಸಿ, ಚಪ್ಪಡಿ ಸರಿಸಿದ. ಧಾನ್ಯ ತುಂಬಿಡಲೆಂದು ನೆಲದ ಬಂಡೆಯಲ್ಲೇ ಹೂಜಿಯ ಹಾಗೆ ಕೊರೆದ, ಎರಡಾಳು ಆಳದ ಗುಂಡಿ ಅದು. ತಳ ಕಾಣದಷ್ಟು ಕತ್ತಲು. ಇಳಿದು ನಿಂತರೆ ಒಳ್ಳೆ ಫೋಟೊ ಬರುತ್ತದೆ, ಇಂಥವಕ್ಕೆ ದಿನಾ ಜನರನ್ನು ಇಳಿಸುತ್ತೇನೆ ಎಂದ. ಸ್ಪಂದನಾ ನಗುತ್ತಾ ಕಾಲು ಇಳಿಬಿಟ್ಟು ಕೂತಳು, ನಾನು ಮೊಬೈಲು ಹಿಡಿದೆ. ಅರಕಲಗೂಡಿನ ತವರಲ್ಲಿ ಹಗೇವು ಕಂಡೇ ಬೆಳೆದವಳು ನಾನು. ಮಣ್ಣು ಮೆತ್ತಿದ್ದರೆ ಒಳಗೆ ಧಾನ್ಯವಿದೆಯೆಂದು ಗೊತ್ತಿದ್ದೂ, ಕಣ್ಣಾರೆ ಕಂಡೂ ಸುಮ್ಮನಿದ್ದೆ. ಆ ಸಿಟ್ಟು ನನಗೆ ನನ್ನ ಮೇಲೆ ಇನ್ನೂ ಇದೆ.

ಜಡೆ ಹಿಡಿದು ಹಿಂದಕ್ಕೆ ಎಳೆದವರು ಚಿಕ್ಕಲಕ್ಷ್ಮಮ್ಮ. ಹುಡುಗಿಯ ಅಳುವನ್ನು ಲೆಕ್ಕಿಸದೆ ಬುಡ್ಡಿದೀಪ ಹಚ್ಚಿ, ಹಗ್ಗ ಕಟ್ಟಿ ಒಳಗೆ ಬಿಟ್ಟರು. ಮೊಳದುದ್ದ ಇಳಿಯುವಷ್ಟರಲ್ಲಿ ದೀಪ ಆರಿತು.

“ಪಾಳು ಮನೇವು ಬಾಯಿ ತಕ್ಕಂಡು ಬಿದ್ದವೆ, ಇಳಿಸ್ಕೊ. ಇದ್ರ ತಳ್ದಾಗೆ ಬಿತ್ನೆ ರಾಗಿ ಐತೆ ಕಣ್ಲಾ. ನಾಕು ತಿಂಗ್ಳಿಂದ ಒಳಗ್ಲ ಗಾಳಿನೆಲ್ಲ ಅದೇ ತಿಂದೈತೆ. ಕೇಳುಸ್ತಾ?”

ಮರೆತುಬಿಟ್ಟೆ ಕಣಜ್ಜಿ ಎಂದು ದಿಲೀಪ್ ತಡವರಿಸಿದ.

“ಮರೆಯಾಕೆ ನೀನು ಉಟ್ಟಿದ್ದು ಲಾಡ್ಜಲ್ಲೇನ್ಲಾ? ನಾನಿನ್ನೂ ಬದ್ಕಿವ್ನಿ ಅನ್ನೋದ್ನೇ ಮರ್ತಿದ್ದೀಯ.”

ಆಮೇಲೆ ನನ್ನ ಕಡೆ ತಿರುಗಿದರು. “ನೀವು ವಯಸ್ಸಾದೋರು. ನಿಮ್ಗೂ ಬಾಯಿ ಇರ್ನಿಲ್ವಾ?”

ಮಣ್ಣು ಕಲಸಿ ಚಪ್ಪಡಿ ಮೆತ್ತುವ ಕೆಲಸವನ್ನು ದಿಲೀಪನ ಕೈಲೇ ಮಾಡಿಸಿ, ನಮ್ಮನ್ನು ಹೊರಗೆ ಕಳಿಸಿದರು. ಆ ಮುದುಕಿ ಯಾವಾಗಲೂ ಹಾಗೇ, ಬಲು ಸಿಡುಕಿ ಎಂದು ದಾರಿಯಲ್ಲಿ ದಿಲೀಪ್ ನಕ್ಕ.

ಇಂಥವರಿಗೆ ನಾವು ಇಡುವ ಹೆಸರು ಅದೇ. ಬಾಳುವ ಮನೆಯನ್ನು ಪಾಳೆಂದು ತಿಳಿದು ನುಗ್ಗುವ ಊರಿನ ನಡುವೆ ಒಬ್ಬಂಟಿಯಾಗಿ ಒಲೆ ಉರಿಸುವವರಿಗೆ ಮೆತ್ತಗೆ ಮಾತಾಡುವಷ್ಟು ಬಿಡುವು ಎಲ್ಲಿಂದ ಬರಬೇಕು? ಮೆತ್ತಗೆ ಮಾತಾಡುವ ನಾವೆಲ್ಲ ಆ ಗುಂಡಿಯ ಸುತ್ತ ಮೊಬೈಲು ಹಿಡಿದು ನಗುತ್ತಾ ನಿಂತಿದ್ದೆವು.