ಬೀಗರಾಗುವ ಮುಂಚಿನ ಊಟ

ಫೋನಿನಲ್ಲಿ ನೋಡಿದ ಮೊದಲನೆಯ ಹೋಟೆಲು ಕತ್ತಲೆಯ ಕಾರಣಕ್ಕೆ ಪಟ್ಟಿಯಿಂದ ಬಿದ್ದುಹೋಯಿತು. ಮೇಜಿಗೊಂದು ಮೇಣದಬತ್ತಿ, ಸುತ್ತ ಕಪ್ಪು ಗೋಡೆ. ಕರೆಂಟು ಹೋದಾಗ ನಮ್ಮ ಮನೆಯೂ ಹೀಗೇ ಕಾಣುತ್ತದೆ, ಅದಕ್ಕಾಗಿ ಪುಣೆಯವರೆಗೆ ಯಾಕೆ ಹೋಗಬೇಕು ಎಂದು ಶೀತಲ್ ನಕ್ಕಳು. ಎರಡನೆಯದರಲ್ಲಿ ಗಾಜಿನ ಲೋಟಗಳನ್ನು ತಲೆಕೆಳಗಾಗಿ ತೂಗುಬಿಟ್ಟಿದ್ದರು. ಅಲ್ಲಿ ಏನು ಕುಡಿಯುತ್ತಾರೆಂದು ಬೇರೆ ಕೇಳಬೇಕಾಗಿರಲಿಲ್ಲ. ಮೂರನೆಯದು ಚೆಂದವಿತ್ತು, ಆದರೆ ಕೂರಲು ಬರೀ ಎತ್ತರದ ಸ್ಟೂಲುಗಳು. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಅರ್ಧ ಆಯುಷ್ಯ ಕಳೆದ ಅಪ್ಪನ ಮೊಣಕಾಲು ಅವನ್ನು ಹತ್ತುವ ಹಾಗಿರಲಿಲ್ಲ. ವೈಶಾಲಿ ಅದನ್ನೂ ಬೆರಳಿನಿಂದ ಮೇಲಕ್ಕೆ ಸರಿಸಿದಳು.

ಬನಹಟ್ಟಿಯ ಆ ಮನೆಯಲ್ಲಿ ಗುಟ್ಟು ಮಾತಾಡಲು ಹಿಂದಿನ ಶೆಡ್ಡಿಗಿಂತ ಒಳ್ಳೆಯ ಜಾಗ ಇರಲಿಲ್ಲ. ನಾಲ್ಕು ಪಾವರ್‌ಲೂಮುಗಳು ಒಟ್ಟಿಗೆ ಬಡಿಯುವಾಗ ಕಿವಿಗೆ ಬಾಯಿಟ್ಟು ಹೇಳಿದ್ದು ಮೂರನೆಯವರಿಗೆ ಕೇಳುವುದಿಲ್ಲ. ಶೆಡ್ಡಿನ ಮೂಲೆಯಲ್ಲಿ ವೈಶಾಲಿಯ ಕಂಪ್ಯೂಟರು. ಸೀರೆಯ ಸೆರಗು, ಅಂಚುಗಳ ಡಿಸೈನು ಬರೆದು ಊರಿನ ನೇಕಾರರಿಗೆ ಕೊಡುವುದು ಅವಳ ಕೆಲಸ. ತಮ್ಮನ ಹೆಂಡತಿ ಶೀತಲ್ ನೂಲು ಸುತ್ತುವುದನ್ನು ಅರ್ಧಕ್ಕೆ ಬಿಟ್ಟು ಅವಳ ಪಕ್ಕ ಬಂದು ಕುಳಿತಿದ್ದಳು. ಇಬ್ಬರ ತಲೆಯೂ ಒಂದೇ ಫೋನಿನ ಮೇಲೆ ಬಾಗಿತ್ತು.

ಪುಣೆಯಲ್ಲಿ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ಇಟ್ಟಿದ್ದ ಮಾಂತೇಶ ಎಂಬವನು ವೈಶಾಲಿಯನ್ನು ನೋಡಬೇಕೆಂದಿದ್ದ. ಮೂಲ ರಬಕವಿಯವನು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಎಲ್ಲಿ ಭೇಟಿಯಾಗುವುದೆಂದು ನೀವೇ ಹೇಳಿರಿ ಎಂದು ಫೋನಿನಲ್ಲಿ ಅವಳಿಗೇ ಬಿಟ್ಟಿದ್ದ. ಪುಣೆಯಲ್ಲಿ ಜೋಳದ ರೊಟ್ಟಿಯ ಖಾನಾವಳಿಗಳಿಗೇನೂ ಬರವಿಲ್ಲ. ಆದರೆ ಅಲ್ಲಿ ರೊಟ್ಟಿ ಬಡಿಯುವವರು ಸಾವಳಗಿಯವರು, ನೀಡುವವರು ಮುಧೋಳದವರು, ಪಕ್ಕದ ಮೇಜಿನಲ್ಲಿ ಉಣ್ಣುವವರು ಯಾರದೋ ಬೀಗರು. ಇವಳು ಕೈ ತೊಳೆಯುವುದರೊಳಗೆ ಸುದ್ದಿ ಬನಹಟ್ಟಿ ಮುಟ್ಟಿರುತ್ತದೆ. ಉಡುಪಿ ಹೋಟೆಲಿನಲ್ಲಿ ಚಹಾ ಮುಗಿಯುವ ಮೊದಲೇ ಹಿಂದೆ ನಿಂತವರು ಕುರ್ಚಿಗೆ ಕೈ ಹಾಕುತ್ತಾರೆ. ಪರಿಚಯದವರು ಬಾರದ, ಬೆಳಕಿರುವ, ಮಾಂಸ ಬೇಯಿಸದ, ಯಾರೂ ಎಬ್ಬಿಸದ, ಬಿಲ್ಲು ನೋಡಿ ಅಪ್ಪ ಗಾಬರಿಯಾಗದ ಒಂದು ಜಾಗ ಅವಳಿಗೆ ಬೇಕಿತ್ತು. ಇಷ್ಟೂ ಕೂಡಿ ಸಿಕ್ಕಿದ್ದು ಕೋಥ್ರೂಡಿನ ಗಲ್ಲಿಯೊಂದರ ಸಣ್ಣ ಇಟಾಲಿಯನ್ ಹೋಟೆಲಿನಲ್ಲಿ. ಬಾಗಿಲಿಗೆ ಹಸಿರು ಬಣ್ಣ, ಕುರ್ಚಿಗಳಿಗೆ ಒರಗಲು ಬೆನ್ನು. ಶೀತಲ್ ಕೂಡ ಇದೇ ಇರಲಿ ಎಂದಳು.

ಇಷ್ಟು ಅಳೆದು ಸುರಿದು ನೋಡಲು ಕಾರಣವಿತ್ತು. ಅವರ ಮಂದಿಯಲ್ಲಿ ಸಂಬಂಧ ನೋಡಲು ಹೋದವರು ಚಹಾ ಕುಡಿಯಬಹುದು, ಒಗ್ಗರಣೆ ಅವಲಕ್ಕಿ ತಿನ್ನಬಹುದು. ತಾಟಿನ ಮುಂದೆ ಕುಳಿತು ಊಟ ಮಾಡಿದರೆ ಮಾತ್ರ ಮುಗಿಯಿತು, ಮಾತು ಕೊಟ್ಟಂತೆ. ಉಂಡ ಮನೆಗೆ ತಿರುಗಿ ಒಲ್ಲೆ ಎಂದು ಹೇಳಿ ಕಳಿಸುವ ಧೈರ್ಯ ಅಲ್ಲಿನ ಗಂಡಸರಿಗೆ ಇಲ್ಲ. ಬೇರೆ ವಿಷಯಗಳಲ್ಲಿ ಅವರ ಧೈರ್ಯ ಧಾರಾಳವಾಗಿದೆ.

ವೈಶಾಲಿಯ ಮೊದಲ ಮದುವೆ ಆದದ್ದು ಹಾಗೆಯೇ. ಅವಳ ಅಪ್ಪ ರಾಚಪ್ಪ ಸೊಲ್ಲಾಪುರಕ್ಕೆ ವರನ ಮನೆ ನೋಡಲು ಹೋದವನು ಬಿಸಿಲಿನಲ್ಲಿ ಹಸಿದಿದ್ದ. ಅವರು ಹೋಳಿಗೆ ಮಾಡಿದ್ದರು, ಒತ್ತಾಯವನ್ನೂ ಮಾಡಿದ್ದರು. ಅವನು ಉಂಡು ಬಂದ. ಹುಡುಗನ ಜೊತೆ ಒಮ್ಮೆ ಮಾತಾಡಬೇಕು ಎಂದು ಮಗಳು ಕೇಳಿದಾಗ, ಉಂಡು ಬಂದೇನವಾ, ಇನ್ನೇನು ಮಾತು ಅಂದಿದ್ದ. ಮದುವೆಯಾದ ಮೇಲೆ ತಿಳಿಯಿತು, ಆ ಗಂಡಸಿಗೆ ಅದೇ ಊರಿನಲ್ಲಿ ಇನ್ನೊಂದು ಸಂಸಾರವಿತ್ತು. ಹೋಳಿಗೆ ನೀಡಿದವರಿಗೆಲ್ಲ ಅದು ಗೊತ್ತಿತ್ತು. ವೈಶಾಲಿ ಒಂದು ಬ್ಯಾಗು ಹಿಡಿದು ತಿರುಗಿ ಬಂದಳು. ರಾಚಪ್ಪ ಅಂದಿನಿಂದ ಆ ಮಾತನ್ನು ಎತ್ತಿಲ್ಲ. ಅವಳೂ ಎತ್ತಿಲ್ಲ. ಎತ್ತದೆ ಇದ್ದರೆ ಆರಿಹೋಗುತ್ತದೆ ಎಂದು ಇಬ್ಬರೂ ತಿಳಿದಿದ್ದರು, ಆರಿರಲಿಲ್ಲ.

ಅದಕ್ಕೇ ಈ ಸಲ ಅವರ ಮನೆಯೂ ಬೇಡ, ನಮ್ಮ ಮನೆಯೂ ಬೇಡ ಎಂದು ವೈಶಾಲಿ ಹಟ ಹಿಡಿದಿದ್ದಳು. ಹೋಟೆಲಿನ ಊಟಕ್ಕೆ ಯಾರ ಮನೆತನದ ಹೆಸರೂ ಇರುವುದಿಲ್ಲ, ಉಂಡರೂ ಯಾರಿಗೂ ಕಟ್ಟುಬಿದ್ದಂತಲ್ಲ ಎಂಬುದು ಅವಳ ಲೆಕ್ಕ. ಅವ್ವ ಲಕ್ಷ್ಮವ್ವ, ಹೋಟೆಲಿನಲ್ಲಿ ಕುಳಿತು ಯಾರಾದರೂ ಸಂಬಂಧ ಕೂಡಿಸಿದ್ದನ್ನು ಕಂಡಿಲ್ಲ ಎಂದು ಎರಡು ದಿನ ಗೊಣಗಿದಳು. ರಾಚಪ್ಪ ಮಾತ್ರ ಮಗಳು ಹೇಳಿದಲ್ಲೇ ಆಗಲಿ ಎಂದುಬಿಟ್ಟ. ಜಮಖಂಡಿಯಿಂದ ಪುಣೆಯ ಬಸ್ಸಿನಲ್ಲಿ ಕೂಡ ಖುಷಿಯಲ್ಲೇ ಇದ್ದ. ಇಟಲಿಯವರು ಏನು ತಿನ್ನುತ್ತಾರೆ, ಖಾರ ಹಾಕುತ್ತಾರೋ ಇಲ್ಲವೋ ಎಂದೆಲ್ಲ ಮಗಳನ್ನು ಕೇಳುತ್ತ ಹೋದ.

ರವಿವಾರ ಮಧ್ಯಾಹ್ನ ಅಪ್ಪ ಮಗಳಿಬ್ಬರೂ ಹೋಟೆಲು ಮುಟ್ಟುವಷ್ಟರಲ್ಲಿ ಮಾಂತೇಶ ಮತ್ತು ಅವನ ಕಾಕಾ ಸುಭಾಷ್ ಆಗಲೇ ಬಂದು ಕುಳಿತಿದ್ದರು. ಮಾಂತೇಶ ಎದ್ದು ನಿಂತ. ಇಸ್ತ್ರಿಯ ಅಂಗಿ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಯಂತ್ರದ ಎಣ್ಣೆ. ಸುಭಾಷ್ ಮೈ ತುಂಬ ಉತ್ಸಾಹ ಇದ್ದ ಮನುಷ್ಯ, ಕೆಟ್ಟವನಲ್ಲ. ಬರ್ರಿ ಬೀಗರ, ಎಂದು ರಾಚಪ್ಪನ ಎರಡೂ ಕೈ ಹಿಡಿದ. ಆ ಮಾತು ಕೇಳಿ ವೈಶಾಲಿ ಬಾಗಿಲಲ್ಲೇ ನಿಂತಳು.

ಸುಭಾಷ್ ಎಲ್ಲರಿಗೂ ತಾನೇ ಹೇಳಿ ತರಿಸಿದ. ದೊಡ್ಡ ಪಿಜ್ಜಾ ಎರಡು, ಬಿಳಿ ಸಾರಿನಲ್ಲಿ ಮುಳುಗಿದ ಪಾಸ್ತಾ, ಬೆಳ್ಳುಳ್ಳಿ ಹಚ್ಚಿ ಸುಟ್ಟ ಬ್ರೆಡ್ಡು. ಇವತ್ತಿನದು ಎಲ್ಲ ನಮ್ಮ ಕಡೆಯದು, ಸಂಕೋಚ ಬೇಡ ಎಂದು ಎರಡೆರಡು ಸಲ ಸಾರಿದ. ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಕಿಟಕಿಯ ಪಕ್ಕದ ಸಣ್ಣ ಮೇಜಿಗೆ ಇಬ್ಬರನ್ನೂ ಕಳಿಸಿದವನೂ ಅವನೇ. ಹುಡುಗನಿಗೆ ಮೂವತ್ತೆಂಟು, ಹುಡುಗಿಗೆ ಮೂವತ್ತಮೂರು.

ಮಾಂತೇಶನಿಗೆ ಮಾತು ಬೇಗ ಬರಲಿಲ್ಲ. ದಿನವೆಲ್ಲ ಯಂತ್ರಗಳ ಜೊತೆ ಇರುವುದು, ಅವು ಏನೂ ಕೇಳುವುದಿಲ್ಲ ಎಂದ. ಅಂಗಡಿಯ ಬಗ್ಗೆ ಹೇಳಿದ. ಅವಳ ಡಿಸೈನು ಕೆಲಸದ ಬಗ್ಗೆ ಕೇಳಿದ, ಕೇಳಿದ್ದನ್ನು ಗಮನವಿಟ್ಟು ಕೇಳಿಸಿಕೊಂಡ. ಸ್ವಲ್ಪ ಧೈರ್ಯ ಬಂದ ಮೇಲೆ ವೈಶಾಲಿ, ನಿಮ್ಮ ಮೊದಲ ಮದುವೆಗೆ ಮುಂಚೆ ಆ ಹುಡುಗಿಗೆ ಮನಸ್ಸಿದೆಯೋ ಇಲ್ಲವೋ ಎಂದು ಒಮ್ಮೆಯಾದರೂ ನೇರ ಕೇಳಿದ್ದಿರಾ ಎಂದಳು.

"ಇಲ್ರಿ, ಕೇಳಿರಲಿಲ್ಲ. ಆಮ್ಯಾಲ ಒಂದಿನ ಆಕೀನ ಅಂದ್ಲು, ನನ್ನ ಒಂದ ಮಾತ ಕೇಳಬೇಕಿತ್ತು ಅಂತ. ಅದಕ್ಕ ಈ ಸಲ ಜಾಗಾ ನೀವ ಆರಿಸ್ರಿ ಅಂದೆ. ನನಗೂ ಏನ್ ಹೇಳಬೇಕಂತ ಗೊತ್ತಾಗವಲ್ದು."

ವೈಶಾಲಿಗೆ ಅವನು ಹಿಡಿಸಿದ. ಹಿಡಿಸಿದ ಎನ್ನುವುದಕ್ಕೂ ಅವನ ಮನೆಗೆ ಹೋಗಿ ಬಾಳುತ್ತೇನೆ ಎನ್ನುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಸೊಲ್ಲಾಪುರ ಅವಳಿಗೆ ಚೆನ್ನಾಗಿ ಕಲಿಸಿತ್ತು. ಸಿಟ್ಟು ಬಂದಾಗ ಈ ಮನುಷ್ಯ ಹೇಗಿರುತ್ತಾನೆ, ಕಾಯಿಲೆ ಬಿದ್ದವರ ಹತ್ತಿರ ಹೇಗೆ ನಡೆದುಕೊಳ್ಳುತ್ತಾನೆ, ಅವಳ ಕಂಪ್ಯೂಟರಿಗೆ ಆ ಮನೆಯಲ್ಲಿ ಒಂದು ಮೂಲೆ ಸಿಗುತ್ತದೋ ಇಲ್ಲವೋ, ಒಂದೂ ಗೊತ್ತಿರಲಿಲ್ಲ. ಇನ್ನೊಂದು ಸಲ ಭೇಟಿಯಾಗಬೇಕು ಎಂದು ಹೇಳಲು ಬಾಯಿ ತೆರೆದವಳ ಕಣ್ಣು ಅಪ್ಪನ ಮೇಜಿನ ಕಡೆ ಹೋಯಿತು.

ರಾಚಪ್ಪ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ಕುಳಿತಿದ್ದ. ಅವನ ತಟ್ಟೆಯಲ್ಲಿ ಪಿಜ್ಜಾದ ಮೂರು ತುಂಡು, ಅದರ ಮೇಲೆ ಪಾಸ್ತಾ, ಅಂಚಿಗೆ ಬ್ರೆಡ್ಡು. ಒಂದನ್ನೂ ಮುಟ್ಟಿರಲಿಲ್ಲ. ನೀರಿನ ಲೋಟ ಕೂಡ ತುಂಬಿದ ಹಾಗೇ ಇತ್ತು. ತಿನ್ರಿ ಬೀಗರ, ಆರಿದ ಮೇಲೆ ರಬ್ಬರ್ ಆಗತೈತಿ ಎಂದು ಸುಭಾಷ್ ಒತ್ತಾಯಿಸುತ್ತಿದ್ದ. ತನ್ನದು ಇಂದು ಒಪ್ಪತ್ತು, ಸಂಜೆಗೇ ಊಟ ಎಂದು ರಾಚಪ್ಪ ನಗುತ್ತ ಹೇಳುತ್ತಿದ್ದ. ಅವನು ಒಪ್ಪತ್ತು ಮಾಡುವುದು ಸೋಮವಾರ. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದವನು, ಬಸ್ಸು ಇಳಿದಾಗ ಕುಡಿದ ಅರ್ಧ ಕಪ್ಪು ಚಹಾ ಬಿಟ್ಟರೆ ಏನೂ ತಿಂದಿರಲಿಲ್ಲ. ಹಣೆಯಲ್ಲಿ ಬೆವರು ಕಾಣುತ್ತಿತ್ತು. ಸುಭಾಷನ ಮಾತಿಗೆ ಹೂಂಗುಟ್ಟುತ್ತಲೇ ಅವನು ಮತ್ತೆ ಮತ್ತೆ ಮಗಳ ಮುಖ ನೋಡುತ್ತಿದ್ದ.

ಮೊದಲು ವೈಶಾಲಿಗೆ ಸಿಟ್ಟು ಬಂತು. ಇಷ್ಟು ದಿನ ಕುರ್ಚಿ ನೋಡಿ, ಬೆಳಕು ನೋಡಿ, ಖಾರ ನೋಡಿ ಆರಿಸಿದ ಹೋಟೆಲಿನಲ್ಲಿ ಈತ ಹೀಗೆ ಕುಳಿತನಲ್ಲ ಎಂದು. ಆಮೇಲೆ ಅರ್ಥವಾಯಿತು. ಅವಳು ಹೂಂ ಅನ್ನುವವರೆಗೆ ಅವರ ಅನ್ನ ಮುಟ್ಟುವುದಿಲ್ಲ ಎಂದು ಈತ ಊರಿನಿಂದಲೇ ನಿಶ್ಚಯಿಸಿಕೊಂಡು ಬಂದಿದ್ದಾನೆ. ಮುದುಕನ ಮೇಲೆ ಎಷ್ಟು ಕನಿಕರವಾಯಿತೋ ಅಷ್ಟೇ ಸಿಟ್ಟು ಮತ್ತೆ ಬಂತು. ಈಗ ಎಲ್ಲರೂ ನೋಡುತ್ತಿದ್ದದ್ದು ಆ ತಟ್ಟೆಯನ್ನು. ಅವಳು ಹೂಂ ಅಂದರೆ ಅಪ್ಪ ಉಣ್ಣುತ್ತಾನೆ, ಉಹೂಂ ಅಂದರೆ ಹಸಿದು ಎದ್ದು ಬರುತ್ತಾನೆ. ಗೊತ್ತಿಲ್ಲ, ಇನ್ನೂ ನೋಡಬೇಕು ಎಂದರೆ ಅವನು ಏನು ಮಾಡಬೇಕು?

ಅವಳು ಎದ್ದು ಹೋಗಿ ಅಪ್ಪನ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಮಾಂತೇಶ ಹಿಂದೆಯೇ ಬಂದು ನಿಂತ.

"ಯಾವ ಒಪ್ಪತ್ತಪ್ಪಾ ಇವತ್ತ?"

ರಾಚಪ್ಪ ತಟ್ಟೆಯನ್ನು ಒಂದು ಬೆರಳು ಆಚೆ ಸರಿಸಿದ. ಆಮೇಲೆ ಅವಳಿಗಷ್ಟೇ ಕೇಳುವಂತೆ, "ನೀ ಹೇಳೂತನಕಾ ನಾ ಉಣ್ಣಂಗಿಲ್ಲವಾ. ಒಮ್ಮಿ ಉಂಡ ಬಂದದ್ದ ಸಾಕಾಗೇತಿ" ಎಂದ.

ಇಷ್ಟು ವರ್ಷ ಇಬ್ಬರೂ ಎತ್ತದೆ ಬಿಟ್ಟಿದ್ದ ಮಾತು ಬಿಳಿ ಸಾರಿನ ವಾಸನೆಯ ಆ ಹೋಟೆಲಿನಲ್ಲಿ ಹೊರಗೆ ಬಂದಿತ್ತು. ವೈಶಾಲಿಯ ಕಣ್ಣು ತುಂಬಿತು, ಆದರೆ ಧ್ವನಿ ನಡುಗಲಿಲ್ಲ.

"ಅವತ್ತ ನೀ ಉಂಡಿ ಅಂತ ನಾ ಹೋದೆ. ಇವತ್ತ ನೀ ಉಪಾಸ ಕುಂತಿ ಅಂತ ಹೂಂ ಅನ್ಲೇನು? ನಂಗ ಇನ್ನೂ ಗೊತ್ತಾಗಿಲ್ಲಪ್ಪಾ. ಇನ್ನೂ ನಾಕ ಸಲ ಭೆಟ್ಟಿ ಆಗಬೇಕು. ಅಲ್ಲೀತನಕಾ ಹಿಂಗ ಕುಂಡರಾಂವೇನು ನೀ?"

"ಮತ್ತ ನಾ ಏನ್ ಮಾಡ್ಲಿ?" ರಾಚಪ್ಪ ನಿಜವಾಗಿಯೂ ತಿಳಿಯದೆ ಕೇಳಿದ.

"ಹಸಿವಿ ಆಗೇತಿಲ್ಲ, ಉಣ್ಣು."

ಇದು ಅವರು ತರಿಸಿದ್ದು ಎನ್ನುವಂತೆ ರಾಚಪ್ಪ ಕಣ್ಣಿನಿಂದಲೇ ತಟ್ಟೆ ತೋರಿಸಿದ. ವೈಶಾಲಿ ಆ ತಟ್ಟೆಯನ್ನು ಎತ್ತಿ ಮೇಜಿನ ನಡುವೆ ಇಟ್ಟಳು. ಕೌಂಟರಿನ ಹೆಂಗಸನ್ನು ಕರೆದು, ಸೊಲ್ಲಾಪುರದಿಂದ ತಂದ ಒಂದೇ ಒಳ್ಳೆಯ ವಸ್ತುವಾದ ಮರಾಠಿಯಲ್ಲಿ, ಒಂದು ಸಣ್ಣ ಪಿಜ್ಜಾ ಬೇಗ ಕೊಡಿ, ಹಸಿಮೆಣಸಿನಕಾಯಿ ಮೇಲೆ ಹಾಕಿಕೊಡಿ, ಇದರ ಬಿಲ್ಲು ಬೇರೆ ಮಾಡಿ ನನ್ನ ಕೈಗೆ ಕೊಡಿ ಎಂದಳು. ಬೇರೆ ಬಿಲ್ಲು ಎಂಬ ಮಾತನ್ನು ಎಲ್ಲರಿಗೂ ಕೇಳುವಂತೆ ಎರಡು ಸಲ ಹೇಳಿದಳು.

ಸುಭಾಷನ ಮುಖ ಸಣ್ಣದಾಯಿತು. ಇಷ್ಟು ಪ್ರೀತಿಯಿಂದ ತರಿಸಿದ್ದು ಮೇಜಿನ ತುಂಬ ಆರುತ್ತ ಬಿದ್ದಿರುವಾಗ ಬೀಗರು ತಮ್ಮ ಊಟ ತಾವು ತರಿಸಿಕೊಳ್ಳುವುದೆಂದರೇನು, ತಾವೇನು ಪರಕೀಯರೇ ಎಂದು ಅವನು ಶುರು ಮಾಡಿದ. ನೋವು ನಿಜವಾದದ್ದೇ ಆಗಿತ್ತು. ಮಾಂತೇಶ ಅವನ ಹೆಗಲ ಮೇಲೆ ಕೈ ಇಟ್ಟ.

"ಕಾಕಾ, ಅವರದು ಅವರ ಉಣ್ಲಿ. ನಾವಿನ್ನ ಬೀಗರಾಗಿಲ್ಲ."

ಸುಭಾಷ್ ಅಣ್ಣನ ಮಗನನ್ನು ಒಮ್ಮೆ ನೋಡಿದ. ಆಮೇಲೆ ಒಂದು ತುಂಡು ಎತ್ತಿಕೊಂಡು ಕಚ್ಚಿದ. ಅದು ಆಗಲೇ ರಬ್ಬರಾಗಿತ್ತು.

ಹೊಸ ಪಿಜ್ಜಾ ಹೊಗೆಯಾಡುತ್ತ ಬಂತು. ರಾಚಪ್ಪ ಮೊದಲು ಗಟಗಟ ನೀರು ಕುಡಿದ. ಪಕ್ಕದಲ್ಲಿಟ್ಟ ಚಾಕು ಚಮಚಗಳನ್ನು ಜೋಪಾನವಾಗಿ ಬದಿಗೆ ಸರಿಸಿ, ಕೈಯಿಂದಲೇ ಒಂದು ತುಂಡು ಎತ್ತಿದ. ಚೀಸು ಎಳೆ ಎಳೆಯಾಗಿ ಹಿಂದೆ ಬಂತು. ಅದನ್ನು ಬೆರಳಿಗೆ ಸುತ್ತಿ ಕಡಿದು, ತುಂಡನ್ನು ಮಡಚಿ ಬಾಯಿಗಿಟ್ಟ. ಮೆಣಸಿನಕಾಯಿ ನಾಲಿಗೆಗೆ ತಾಗಿದಾಗ ಮುಖದಲ್ಲಿ ಸಮಾಧಾನ ಕಂಡಿತು. ರೊಟ್ಟಿಗಿಂತ ದಪ್ಪವಾಯಿತು, ಆದರೂ ಛಲೋ ಐತಿ ಎಂದು ತುಂಬಿದ ಬಾಯಿಯಲ್ಲೇ ಹೇಳಿದ.

ಮಾಂತೇಶ ಮತ್ತು ವೈಶಾಲಿ ಕಿಟಕಿಯ ಮೇಜಿಗೆ ತಿರುಗಿ ಹೋಗಿ ಕುಳಿತರು. ಮುಂದಿನ ತಿಂಗಳು ರಬಕವಿಗೆ ಬರುವುದಿದೆ, ಆಗ ಭೇಟಿಯಾಗಬಹುದೇ ಎಂದು ಅವನು ಕೇಳಿದ. ಜಮಖಂಡಿಯಲ್ಲಿ ಇಂಥ ಹೋಟೆಲು ಇಲ್ಲ, ಬೇರೆ ಜಾಗ ಹುಡುಕಬೇಕಾಗುತ್ತದೆ ಎಂದಳು ಅವಳು. ಈ ಸಲ ನಾನೂ ಹುಡುಕುತ್ತೇನೆ ಎಂದ. ಅವಳು ಆಗಲಿ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ನೋಡೂಣ್ರಿ ಎಂದಳು. ಹಾಗೆ ಹೇಳಲು ಸಾಧ್ಯವಾದದ್ದಕ್ಕೆ ಅವಳಿಗೆ ಒಳಗೊಳಗೇ ಆಶ್ಚರ್ಯವಾಗಿತ್ತು.

ಅಲ್ಲಿ ದೊಡ್ಡ ಮೇಜಿನಲ್ಲಿ ಸುಭಾಷ್ ಈಗ ನೂಲಿನ ದರದ ಮಾತು ತೆಗೆದಿದ್ದ. ರಾಚಪ್ಪ ಕೇಳುತ್ತ, ತಲೆಯಾಡಿಸುತ್ತ, ಮತ್ತೊಂದು ತುಂಡಿಗೆ ಕೈ ಚಾಚಿದ. ಈ ಸಲ ಅದಕ್ಕೆ ಮಗಳ ಮುಖ ನೋಡಲಿಲ್ಲ.