ದಿಬ್ಬದ ಮೇಲಿನ ಹಸಿರು ಪರದೆ

ರಜೆ ಮುಗಿಸಿ ಬಂದ ಜಬುಲಿಲೆ ಮರಳುದಿಬ್ಬದ ದಾರಿ ಹಿಡಿದೊಡನೆ ಗಕ್ಕನೆ ನಿಂತಳು. ಕಾಣಬಾರದ ಕಡೆ ಕಡಲು ಕಾಣುತ್ತಿತ್ತು. ಖುಮಾಲೊ ಅವರ ಬಂಗಲೆಯ ಮುಂದೆ ಮರಳನ್ನು ತಬ್ಬಿ ನಿಂತಿದ್ದ ಹಾಲುಮರಗಳೆಲ್ಲ ನೆಲಕಚ್ಚಿದ್ದವು.

ಡರ್ಬನ್ನಿನ ಉತ್ತರಕ್ಕೆ, ಕಬ್ಬಿನ ಹೊಲಗಳಾಚೆ, ಈ ಬಂಗಲೆಗಳ ಬಡಾವಣೆ ಎದ್ದಾಗಲೇ ಕರಾರಾಗಿತ್ತು: ಅರ್ಧ ನೆಲ ಮನೆಗಳಿಗೆ, ಅರ್ಧ ಕಾಡಿಗೆ. ಕಾಡಿನ ಪಾಲನ್ನು ಕಾಯಲು ನಿವಾಸಿಗಳ ಸಂಘ ಜಬುಲಿಲೆಯನ್ನು ನೇಮಿಸಿತ್ತು.

ಲಾರಿ ವ್ಯವಹಾರದಲ್ಲಿ ಹೆಸರು ಮಾಡಿ ನಿವೃತ್ತರಾಗಿದ್ದ ಖುಮಾಲೊ ಜಗಲಿಯಲ್ಲಿ ಚಹಾ ಹೀರುತ್ತಿದ್ದರು.

"ಬಾಬಾ, ಮರ ಕಡಿಸಿದ್ದು ಯಾರು?"

"ನಾನೇ. ಇಷ್ಟು ದೊಡ್ಡ ಮನೆ ಕಟ್ಟಿಸಿದ್ದು ಎಲೆ ನೋಡೋಕಾ ಮಗಳೇ? ನಂಗೆ ತಿಮಿಂಗಿಲ ನೋಡ್ಬೇಕು. ದಂಡ ಎಷ್ಟು ಹೇಳು, ಬಿಸಾಕ್ತೀನಿ."

"ದಂಡ ಸಂಘದೋರು ಹಾಕ್ಕೊಳ್ಲಿ. ನಂಗೆ ಮರ ಬೇಕು."

"ಕಡಿದಿದ್ದನ್ನ ಗೋಂದು ಹಾಕಿ ಅಂಟಿಸ್ತೀಯಾ?" ಎಂದು ಅವರು ಗಹಗಹಿಸಿದರು.

ಜಬುಲಿಲೆ ಕಡಿದ ಬುಡಗಳನ್ನು ಎಣಿಸಿಕೊಂಡು ಹೊರಟಳು. ಮರುದಿನವೇ ಮರಗಳಿದ್ದ ಜಾಗದಲ್ಲಿ ಕಂಬ ನೆಡಿಸಿ, ಮರಗಳಿದ್ದಷ್ಟೇ ಎತ್ತರಕ್ಕೆ ಹಸಿರು ಪರದೆ ಕಟ್ಟಿಸಿಬಿಟ್ಟಳು. ಕಡಲು ಮತ್ತೆ ಮರೆಯಾಯಿತು. ಖುಮಾಲೊ ಕೂಗಾಡಿದ ರಭಸಕ್ಕೆ ಸಂಘದ ಅಧ್ಯಕ್ಷ ಗೊವೆಂಡರ್ ಓಡಿಬಂದರು.

"ಸ್ವಲ್ಪ ನೋಡ್ಕೊಂಡು ಹೋಗಮ್ಮ, ದೊಡ್ಡೋರು" ಎಂದರು ಮೆಲ್ಲಗೆ.

"ಇವತ್ತು ಇವರಿಗೆ ಬಗ್ಗಿದ್ರೆ ನಾಳೆ ದಿಬ್ಬವೇ ಬೋಳು, ಸಾರ್. ಪರದೆ ತೆಗೀಬೇಕಾ? ಮೊದ್ಲು ನನ್ನನ್ನ ಕೆಲಸದಿಂದ ತೆಗೀರಿ."

ಗೊವೆಂಡರ್ ಪರದೆಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿ ಹೊರಟುಹೋದರು.

ಆಗಸ್ಟಿನ ಗಾಳಿ ಬಂತು. ಬಟ್ಟೆಗೆ ಬೇರುಗಳು ಎಲ್ಲಿಂದ ಬರಬೇಕು? ಅದರಡಿಯಿಂದಲೇ ಮರಳು ಜಾರಿ ಈಜುಕೊಳ ತುಂಬಿತು, ಹಾಸಿಗೆ ಸೇರಿತು. ಒಂದು ಬೆಳಗ್ಗೆ ಖುಮಾಲೊ ಅವರ ಹೆಂಡತಿ ಮಾನ್ಗುಬಾನೆ ಮರಳು ಬಿದ್ದ ಗಂಜಿಯ ಬಟ್ಟಲನ್ನು ಗಂಡನ ಮುಂದೆ ಕುಕ್ಕಿದರು. "ಸಮುದ್ರ ಬೇಕು ಸಮುದ್ರ ಬೇಕು ಅಂತಿದ್ರಲ್ಲ, ತಗೊಳ್ಳಿ, ಚಮಚದಲ್ಲಿ ತಿನ್ನಿ!"

ಅಂದೇ ಖುಮಾಲೊ ಜಬುಲಿಲೆಯ ಸಸಿತೋಟಕ್ಕೆ ನಡೆದು ಬಂದರು. ಜೊತೆಗೆ ಚಾಲಕನಿರಲಿಲ್ಲ.

"ಏನು ಮಾಡ್ಬೇಕು, ಹೇಳಿಬಿಡು."

"ಸಸಿ ನೆಡ್ಬೇಕು ಬಾಬಾ. ಆಳುಗಳಲ್ಲ, ನೀವು."

"ನನ್ನ ಸೊಂಟ ಗೊತ್ತಲ್ಲ ನಿಂಗೆ?"

"ನಿಮ್ಮ ಹಟಾನೂ ಗೊತ್ತು. ಅದಿದ್ರೆ ಸಾಕು."

ಖುಮಾಲೊ ನಗಲಿಲ್ಲ, ಆದರೆ ಅಂಗಿಯ ತೋಳು ಮಡಚಿದರು. ಮೊದಲ ಸಲ ನೆಟ್ಟವು ಒಣಗಿದವು. ಬೈದುಕೊಂಡೇ ಮತ್ತೆ ನೆಟ್ಟರು. ಜಬುಲಿಲೆ ಪಕ್ಕದಲ್ಲೇ ಮಂಡಿಯೂರಿ, ಬೇರಿನ ಸುತ್ತ ಒಣಹುಲ್ಲು ಹೊದಿಸುವುದನ್ನು ತೋರಿಸಿಕೊಟ್ಟಳು. ನವೆಂಬರಿನ ಮಳೆಗಾಲದ ಹೊತ್ತಿಗೆ ಸಸಿಗಳು ಚಿಗುರಿ ಮರಳನ್ನು ಹಿಡಿದವು. ಪರದೆ ಇನ್ನೂ ಇದ್ದಲ್ಲೇ ಇತ್ತು; ತಿಮಿಂಗಿಲ ನೋಡಬೇಕೆನಿಸಿದಾಗ ಗಂಡ ಹೆಂಡತಿ ಮರದ ಹಲಗೆಯ ಕಾಲುದಾರಿಯಲ್ಲಿ ದಂಡೆಗೆ ಇಳಿದುಹೋಗುತ್ತಿದ್ದರು.

ಒಂದು ಸಂಜೆ ಜಬುಲಿಲೆ ಆ ದಾರಿಯಲ್ಲಿ ಬರುವಾಗ, ಸಸಿಗಳ ನಡುವೆ ಕಾಡುಜಿಂಕೆಯೊಂದು ಮೇಯುತ್ತಿತ್ತು. ಖುಮಾಲೊ ಕೋಲು ಹಿಡಿದು ಅದರೊಂದಿಗೆ ಜಗಳಕ್ಕೆ ನಿಂತಿದ್ದರು. "ನಿನ್ನಪ್ಪ ನೆಟ್ಟಿದ್ದೇನೋ ಇದು? ಆ ಕಡೆ ಹುಲ್ಲು ತಿನ್ನು, ಹೋಗು!"

ಜಿಂಕೆ ತಲೆಯೆತ್ತಿ ನೋಡಿ, ಇನ್ನೊಂದು ಚಿಗುರು ಕಿತ್ತುಕೊಂಡಿತು.