ಅನ್ನದ ಮೆಟ್ಟಿಲು

ದೀವೆನಮ್ಮನ ಜಗಲಿಯಲ್ಲಿ ಗುರುವಾರ ಮಧ್ಯಾಹ್ನ ಚಾಪೆ ಬಿತ್ತೆಂದರೆ ಲಂಕದ ಹೆಂಗಸರಿಗೆ ಎದೆ ಡವಡವ. ಗೋದಾವರಿಯ ನಡುವಿನ ಆ ನಡುಗಡ್ಡೆಯಲ್ಲಿ ಅವಳ ಕೈಕೆಳಗೆ ಓದದವರೇ ಇಲ್ಲ. ಮಿಷನ್ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿ ಹಿಂಡಿ ರಿಟೈರಾದ ಟೀಚರಮ್ಮ ಅವಳು. ದೇವರ ಮಾತು ಕಲಿಸಲು ಕೂತಾಗಲೂ ಆ ಕೈ ಸುಮ್ಮನಿರುತ್ತಿರಲಿಲ್ಲ.

ವಿಶ್ವಾಸದಲ್ಲಿ ಬೆಳೆಯುವುದಕ್ಕೆ ಅವಳದೇ ಆದ ಮೆಟ್ಟಿಲುಗಳಿದ್ದವು. ಮೊದಲು ಹಾಲು, ಆಮೇಲೆ ಗಂಜಿ, ಆಮೇಲೆ ಅನ್ನ, ಕೊನೆಗೆ ಒಲೆ. ಹಾಲಿನವರು ಹೇಳಿದ್ದನ್ನು ಕೇಳಿಸಿಕೊಂಡರೆ ಸಾಕು. ಗಂಜಿಯವರು ಎಲ್ಲರೆದುರು ಬಾಯಿಬಿಟ್ಟು ಪ್ರಾರ್ಥಿಸಬೇಕು. ಅನ್ನಕ್ಕೆ ಬರಬೇಕಾದರೆ ತಮಗೆ ಕೇಡು ಮಾಡಿದವರನ್ನು ಹೆಸರು ಹಿಡಿದು ಕ್ಷಮಿಸಬೇಕು, ಅದೂ ಎಲ್ಲರ ಕಿವಿಗೆ ಬೀಳುವ ಹಾಗೆ. ಒಲೆಯವರು ಇನ್ನೊಬ್ಬರಿಗೆ ಬೇಯಿಸಿ ಬಡಿಸುವವರು, ಅಂದರೆ ಕಲಿಸುವವರು. ಹೊಸದಾಗಿ ಬಂದವರಲ್ಲಿ ಅನ್ನದ ಮೆಟ್ಟಿಲು ಹತ್ತಿದವರ ಹೆಸರು ಮಾತ್ರ ಆಚೆ ದಡದ ಪಾದ್ರಿಗೆ ಹೋಗುತ್ತಿತ್ತು, ಅವರಿಗೆ ಮಾತ್ರ ದೀಕ್ಷಾಸ್ನಾನ. ಅವಳ ಮಾತನ್ನು ಪಾದ್ರಿಯೂ ಮೀರುತ್ತಿರಲಿಲ್ಲ.

ಚಾಪೆಯ ತುದಿಯಲ್ಲಿ, ಕಂಬಕ್ಕೆ ಒರಗಿ ಕೂರುತ್ತಿದ್ದವಳು ನೂಕಾಲು. ಒಣಮೀನು ಮಾರುವ ವಿಧವೆ. ಇದ್ದೊಬ್ಬ ಮಗ ಸಿಂಹಾದ್ರಿ, ಪ್ರಕಾಶಂ ಎಂಬವನ ದೋಣಿಯಲ್ಲಿ ಕೂಲಿಗೆ ಹೋಗುತ್ತಿದ್ದ. ತುಫಾನು ಬರುತ್ತದೆಂದು ರೇಡಿಯೋ ಬಡಕೊಳ್ಳುತ್ತಿದ್ದ ದಿನವೇ ಪ್ರಕಾಶಂ, ಸಿಗಡಿಯ ಆಸೆಗೆ, ದೋಣಿ ಕಳಿಸಿದ. ದೋಣಿಯ ಹಲಗೆ ಸಿಕ್ಕಿತು, ಹುಡುಗ ಸಿಗಲಿಲ್ಲ. ಆಗ ನೂಕಾಲುವಿನ ಗುಡಿಸಲಿಗೆ ಬಂದು, ಉಪದೇಶ ಗಿಪದೇಶ ಏನೂ ಮಾಡದೆ ಪಕ್ಕದಲ್ಲಿ ಕೂತಿದ್ದವಳು ದೀವೆನಮ್ಮ ಒಬ್ಬಳೇ.

"ನಿಮ್ಮ ದೇವರ ಮಗನೂ ಸತ್ತಿದ್ದನಂತಲ್ಲಾ, ಅಮ್ಮಗಾರೂ?" ಎಂದು ಒಂದು ದಿನ ನೂಕಾಲು ಕೇಳಿದಳು.

"ಹೌದೇ."

"ಹಾಗಾದ್ರೆ ಅವನಿಗೆ ನನ್ನ ಸಂಕಟ ಗೊತ್ತಿರುತ್ತೆ ಬಿಡಿ."

ಅಷ್ಟೇ. ಮುಂದಿನ ಗುರುವಾರ ಚಾಪೆಯ ಮೇಲಿದ್ದಳು. ಅವಳಿಗೆ ಬೇಕಾಗಿದ್ದುದು ದೊಡ್ಡದೇನಲ್ಲ. "ನನ್ನ ಮಗನಿಗೆ ಹಿಡಿ ಮಣ್ಣೂ ಸಿಗಲಿಲ್ಲ. ತಲೆ ಮೇಲೆ ನೀರು ಬಿದ್ರೆ ನಿಮ್ಮ ಸಮಾಧಿ ತೋಟದಲ್ಲಿ, ಆ ಹುಣಿಸೆಮರದ ಕೆಳಗೆ ನನಗೊಂದು ಜಾಗ ಕೊಡಿಸಿ. ಕಲ್ಲಿನ ಮೇಲೆ ನನ್ನ ಹೆಸರಿನ ಜೊತೆ ಅವನ ಹೆಸರೂ ಬರೆಸ್ತೀನಿ," ಎನ್ನುತ್ತಿದ್ದಳು. ದೀಕ್ಷಾಸ್ನಾನಕ್ಕೆಂದು ಬಿಳಿ ಸೀರೆಯನ್ನೂ ತಂದು ಪೆಟ್ಟಿಗೆಯಲ್ಲಿಟ್ಟಿದ್ದಳು.

ಹಾಲು ದಾಟಿದಳು, ಗಂಜಿ ದಾಟಿದಳು. ಅವಳು ಪ್ರಾರ್ಥನೆಗೆ ನಿಂತರೆ ಪಕ್ಕದ ಮನೆಯವಳ ಜೊತೆ ಮಾತಾಡಿದ ಹಾಗೆ. "ಅಪ್ಪಾ, ಇವತ್ತು ಮೀನು ಸರಿಯಾಗಿ ಒಣಗಿಲ್ಲ, ಸ್ವಲ್ಪ ಬಿಸಿಲು ಬಿಡು," ಎಂದರೆ ಜೊತೆಗೆ ಕಲಿಯುತ್ತಿದ್ದ ಸಂತೋಷಮ್ಮ ಕಿಸಕ್ಕನೆ ನಗುತ್ತಿದ್ದಳು. "ದೇವರೇನು ನಿನ್ನ ಮನೆ ಆಳಾ?" ಎಂದು ದೀವೆನಮ್ಮ ಗದರಿಸಿದರೂ ಒಳಗೊಳಗೇ ಅವಳ ಮೇಲೆ ಬಹಳ ಪ್ರೀತಿ. ಇಂಥವಳು ಒಲೆಯವರೆಗೂ ಬರುತ್ತಾಳೆ ಎಂದುಕೊಂಡಿದ್ದಳು.

ಅನ್ನದ ಹತ್ತಿರ ಬಂದು ಎಡವಿದಳು.

ಪ್ರಕಾಶಂ ಬೇರೆ ಯಾರೋ ಅಲ್ಲ, ಸಭೆಯ ಹಿರಿಯ. ಸಮಾಧಿ ತೋಟದ ಬೀಗದ ಕೈ ಅವನ ಸೊಂಟದಲ್ಲೇ. ಅವನ ಹೆಂಡತಿ ರಾಹೇಲಮ್ಮ ಅದೇ ಚಾಪೆಯಲ್ಲಿ ಕೂರುವವಳು. ಅವಳು ತನ್ನ ಅತ್ತೆಯನ್ನು ಕ್ಷಮಿಸಿದ್ದೇನೆಂದು ಕಣ್ಣೀರಿಟ್ಟು ಹೇಳಿ ಅನ್ನಕ್ಕೆ ಬಂದಾಗಿತ್ತು. ಸಂತೋಷಮ್ಮನೂ ಓರಗಿತ್ತಿಯ ಹೆಸರು ಹೇಳಿ, ಒಂದೇ ಉಸಿರಿಗೆ ಕ್ಷಮಿಸಿ ಹತ್ತಿದ್ದಳು.

"ಈಗ ನೀನು ಹೇಳೇ. ಪ್ರಕಾಶಂನ ಕ್ಷಮಿಸಿದೀನಿ ಅಂತ," ಎಂದಳು ದೀವೆನಮ್ಮ.

ನೂಕಾಲು ರಾಹೇಲಮ್ಮನ ಮುಖ ನೋಡಿದಳು, ನೆಲ ನೋಡಿದಳು. "ಇನ್ನೂ ಇಲ್ಲಮ್ಮ."

"ಒಂದು ಮಾತು ಅಂದ್ರೆ ಬಾಯಿ ಸವೆದುಹೋಗುತ್ತಾ?"

"ಬಾಯಿ ಸವೆಯಲ್ಲ. ಸುಳ್ಳಾಗುತ್ತೆ."

ಗುರುವಾರದ ಮೇಲೆ ಗುರುವಾರ ಇದೇ ಪ್ರಶ್ನೆ, ಇದೇ ಉತ್ತರ. ಅವಳಿಗಿಂತ ತಡವಾಗಿ ಬಂದವರ ತಲೆಯ ಮೇಲೂ ನೀರು ಬಿತ್ತು. "ನಿನ್ನ ಗಂಜಿ ಹಳಸಿ ಹೋಯ್ತಲ್ಲೇ," ಎಂದು ಸಂತೋಷಮ್ಮ ಚುಚ್ಚಿದರೆ, "ಹಳಸಿದ್ರೂ ನನ್ನದೇ ಅಲ್ವಾ," ಎಂದು ನಗುತ್ತಿದ್ದಳು. ದೀವೆನಮ್ಮನಿಗೆ ಮಾತ್ರ ಮೈಯೆಲ್ಲ ಉರಿ. ತನ್ನ ಮೆಟ್ಟಿಲಿಗೆ ಎದುರಾಗಿ ಈ ಮೀನಿನವಳು ಹಟ ಹಿಡಿದಿದ್ದಾಳೆಂದೇ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ನೂಕಾಲುವಿಗೆ ಕಾಮಾಲೆ ಜ್ವರ ಬಂತು. ಕಣ್ಣು ಅರಿಶಿನ, ಹೊಟ್ಟೆಯಲ್ಲಿ ನೀರೂ ನಿಲ್ಲದು. ನದಿ ಉಕ್ಕಿ, ಆಚೆ ದಡಕ್ಕೆ ದಾಟಿಸುವ ಪಂಟು ದೋಣಿ ನಿಂತಿತ್ತು. ಬೆಳಗ್ಗೆ ಬಿಟ್ಟರೆ ಆಸ್ಪತ್ರೆಗೆ ಸಾಗಿಸುವುದೆಂದಾಯಿತು. ಸಂಜೆ ದೀವೆನಮ್ಮ ಹೋದಾಗ ರಾಹೇಲಮ್ಮ ಅಲ್ಲೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ನೂಕಾಲು ಅವಳ ಕೈ ತಳ್ಳಿರಲಿಲ್ಲ.

"ಅಮ್ಮಗಾರೂ, ನೀರು ಹಾಕ್ಬಿಡಿ," ಎಂದಳು ನೂಕಾಲು. ಪ್ರಾಣ ಹೋಗುವ ಹೊತ್ತಿನಲ್ಲಿ ಪಾದ್ರಿ ಇಲ್ಲದಿದ್ದರೆ ಯಾವ ವಿಶ್ವಾಸಿಯಾದರೂ ದೀಕ್ಷಾಸ್ನಾನ ಕೊಡಬಹುದು, ಇನ್ನೊಬ್ಬರು ಸಾಕ್ಷಿಯಿದ್ದರೆ ಸಾಕು. ಹಾಗೆಂದು ಜಗಲಿಯಲ್ಲಿ ಕಲಿಸಿದವಳೇ ದೀವೆನಮ್ಮ.

ಅವಳು ಲೋಟದಲ್ಲಿ ನೀರು ತುಂಬಿಕೊಂಡಳು. ತುಂಬಿಕೊಂಡವಳು ಸುಮ್ಮನೆ ಹಾಕಬಾರದಿತ್ತೇ! ಟೀಚರಮ್ಮನ ನಾಲಿಗೆ, ಕೇಳಿಯೇ ಬಿಟ್ಟಿತು. "ಪ್ರಕಾಶಂನ ಕ್ಷಮಿಸಿದೀಯಾ?"

"ಅವನಿಗೆ ಶಾಪ ಹಾಕೋದು ಬಿಟ್ಟಿದೀನಿ. ಅವನ ಮಕ್ಕಳು ಚೆನ್ನಾಗಿರ್ಲಿ ಅಂತ ದಿನಾ ಕೇಳ್ತೀನಿ. ಕ್ಷಮಿಸಿದೀನಿ ಅನ್ನೋದೊಂದು ಬರ್ತಿಲ್ಲಮ್ಮ. ಇಲ್ಲದ್ದನ್ನ ದೇವರ ಮುಂದೆ ಹೇಗೆ ಇದೆ ಅನ್ನಲಿ?"

ರಾಹೇಲಮ್ಮ ಸೆರಗು ಬಾಯಿಗೊತ್ತಿಕೊಂಡಳು. ದೀವೆನಮ್ಮನ ಕೈ ಲೋಟದ ಸಮೇತ ಕೆಳಗಿಳಿಯಿತು. "ಅರ್ಧ ಬೆಂದ ಅನ್ನ ಬಡಿಸೋಕಾಗಲ್ಲ ಕಣೇ. ಹುಷಾರಾಗಿ ಬಾ, ನಾನೇ ಮುಂದೆ ನಿಂತು ಮಾಡಿಸ್ತೀನಿ."

"ಸರಿ ಬಿಡಿ. ನಾನು ನಿಧಾನಕ್ಕೆ ಬೇಯೋಳು." ಒಣಗಿದ ತುಟಿಯಲ್ಲೇ ನಕ್ಕಳು. "ಆ ನೀರು ಇತ್ತ ಕೊಡಿ, ಬಾಯಾರ್ತಿದೆ." ದೀವೆನಮ್ಮ ಅವಳ ಕುತ್ತಿಗೆ ಎತ್ತಿ ಹಿಡಿದರೆ ಗುಟುಕು ಗುಟುಕಾಗಿ ಕುಡಿದಳು.

ಬೆಳಗ್ಗೆ ಪಂಟು ನಡುನೀರಿಗೆ ಬರುವಾಗ ಅವಳ ಜೀವ ಹೋಯಿತು.

ಹೆಣ ವಾಪಸು ಬಂತು. ನೂಕಾಲುವಿನ ಮೈದುನ ದೋಣಿಕಟ್ಟೆಗೆ ಬಂದು, "ಅವರ ದೇವರನ್ನ ನೆಚ್ಚಿಕೊಂಡು ಹೋದವಳು, ಅವರೇ ಮಣ್ಣು ಮಾಡ್ಲಿ," ಎಂದು ಹೇಳಿ ತಿರುಗಿ ನೋಡದೆ ಹೋದ. ಇತ್ತ ಸಮಾಧಿ ತೋಟದ ಗೇಟಿನ ಮುಂದೆ ಚಟ್ಟ ಇಳಿಸಿದರೆ, ಒಳಗೆ ದೀಕ್ಷಾಸ್ನಾನ ಆದವರಿಗೆ ಮಾತ್ರ ಜಾಗ. ಪ್ರಕಾಶಂ ಬೀಗದ ಕೈ ಹಿಡಿದು ನಿಂತಿದ್ದ. ಹೆಣದ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

"ನಾನೊಬ್ಬನೇ ಏನು ಮಾಡ್ಲಿ? ನಾಳೆ ಪಾದ್ರಿ ಕೇಳ್ತಾರೆ, ಸಭೆ ಕೇಳುತ್ತೆ. ಇವಳಿಗೆ ನೀರು ಬಿದ್ದಿರಲಿಲ್ವಲ್ಲಾ," ಎಂದ.

"ಬಿದ್ದಿತ್ತು," ಎಂದಳು ರಾಹೇಲಮ್ಮ ಹಿಂದಿನಿಂದ. "ನಿನ್ನೆ ಸಂಜೆ. ಅಮ್ಮಗಾರು ಹಾಕಿದ್ರು. ನಾನು ಸಾಕ್ಷಿ."

ಎಲ್ಲರೂ ದೀವೆನಮ್ಮನ ಕಡೆ ತಿರುಗಿದರು. ಜೀವಮಾನದಲ್ಲಿ ಸುಳ್ಳು ಹೇಳಿದ ಮಕ್ಕಳ ಅಂಗೈಗೆ ಬೆತ್ತದಲ್ಲಿ ಹೊಡೆದವಳು. ಇಲ್ಲ ಎಂದರೆ ನೂಕಾಲು ಕಾಲುವೆಯ ಏರಿಯ ಮೇಲೆ, ನಾಯಿ ನರಿ ತೋಡುವ ಜಾಗದಲ್ಲಿ.

"ಹೌದು," ಎಂದಳು. "ನಾನೇ ಹಾಕಿದೆ."

ಬೀಗ ತೆರೆಯಿತು. ಅಯ್ಯೋ ದೇವರೇ, ಇಷ್ಟು ಸುಲಭವೇ! ಬಾಯಿ ತೆರೆದರೆ ಆಗಿಹೋಗುವುದೇ! ಇಷ್ಟನ್ನೇ ಅಲ್ಲವೇ ತಾನು ವಾರ ವಾರವೂ ಆ ಹೆಂಗಸಿನಿಂದ ಕೇಳಿದ್ದು, ಇಷ್ಟನ್ನೇ ಅಲ್ಲವೇ ಅವಳು ಸಾಯುವ ತನಕ ಒಲ್ಲೆನೆಂದದ್ದು. ಹುಣಿಸೆಮರದ ಕೆಳಗೆ, ಬಿಳಿ ಸೀರೆ ಉಡಿಸಿದ ಮೈಯನ್ನು ಇಳಿಸುವಾಗ ದೀವೆನಮ್ಮನ ಕಣ್ಣಿಗೆ ಏನೂ ಕಾಣಿಸಲಿಲ್ಲ. ಮಣ್ಣು ಹಾಕಿ ಪ್ರಕಾಶಂ ಬೇಲಿ ಹಿಡಿದು ಬಿಕ್ಕುತ್ತಿದ್ದ.

"ಸುಳ್ಳು ಹೇಳಿಸಿಬಿಟ್ಟೆಯಲ್ಲೇ," ಎಂದಳು ದೀವೆನಮ್ಮ, ಪಕ್ಕದಲ್ಲಿ ನಿಂತ ರಾಹೇಲಮ್ಮನಿಗೆ ಮಾತ್ರ ಕೇಳುವಂತೆ.

"ನಾನು ನಮ್ಮತ್ತೆಯನ್ನ ಇವತ್ತಿಗೂ ಕ್ಷಮಿಸಿಲ್ಲಮ್ಮ," ಎಂದಳು ರಾಹೇಲಮ್ಮ. "ನಾವೆಲ್ಲ ಹೀಗೇ ಅಲ್ವಾ ಅನ್ನಕ್ಕೆ ಬಂದಿದ್ದು. ಅವಳೊಬ್ಬಳಿಗೆ ಬರಲಿಲ್ಲ."

ಮುಂದಿನ ಗುರುವಾರ ಹೆಂಗಸರು ಬಂದು ಕೂತರು. ಕಂಬದ ಬಳಿಯ ಜಾಗವನ್ನು ಯಾರೂ ಮುಟ್ಟಲಿಲ್ಲ. ದೀವೆನಮ್ಮ ತನ್ನ ಕುರ್ಚಿ ಬಿಟ್ಟು ಬಂದು, ಚಾಪೆಯ ಆ ತುದಿಯಲ್ಲಿ ಕುಕ್ಕರಿಸಿದಳು. ಪುಸ್ತಕ ತೆರೆಯಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ.

ಸಂತೋಷಮ್ಮನಿಗೆ ಸುಮ್ಮನಿದ್ದು ಗೊತ್ತಿಲ್ಲ. "ಅಮ್ಮಗಾರೂ, ನೀರು ಹಾಕಿದಾಗ ನೂಕಾಲಕ್ಕ ಏನಂದ್ಲು? ಎಷ್ಟು ಆಸೆ ಪಟ್ಟಿದ್ಲು ಪಾಪ. ಖುಷಿಯಾಯ್ತಾ ಅವಳಿಗೆ?"

ರಾಹೇಲಮ್ಮ ತಲೆ ತಗ್ಗಿಸಿದಳು. ಉಳಿದವರೆಲ್ಲ ಕಿವಿಯಗಲಿಸಿ ಕಾದರು.

"ಕುಡಿದ್ಲು," ಎಂದಳು ದೀವೆನಮ್ಮ. "ಬಾಯಾರ್ತಿದೆ ಅಂತ ಕೇಳಿದ್ಲು. ಕುಡಿದ್ಲು."

ಅದೊಂದೇ ನಿಜ ಅವಳ ಹತ್ತಿರ ಉಳಿದಿತ್ತು. ಅಷ್ಟು ಹೇಳಿ, ಮುಖಕ್ಕೆ ಸೆರಗು ಹಿಡಿದು, ತನ್ನ ಶಿಷ್ಯೆಯರ ಮುಂದೆ ಹೋ ಎಂದು ಅತ್ತುಬಿಟ್ಟಳು.